ಮೂರು ಸೋಲು, ಒಂದು ಗೋಲು

ಆಟಕ್ಕೂ ನನಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಚಿಕ್ಕವಳಿದ್ದಾಗ ಕುಂಟೆಬಿಲ್ಲೆ, ಅಳಗುಳಿಮಣೆ, ಮಳೆಗಾಲದಲ್ಲಿ ಪಗಡೆ, ಇಷ್ಟೇ ನನ್ನ ಕ್ರೀಡಾ ಜೀವನ. ದೊಡ್ಡವಳಾದ ಮೇಲೆ ಅಜ್ಜಿ ಕುಂಟೆಬಿಲ್ಲೆಯನ್ನೂ ನಿಲ್ಲಿಸಿದರು. ಮುಂದೆ ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರಾಗಿ ಸೇರಿದೆನಲ್ಲ, ಆಮೇಲಂತೂ ಆಟವೆಂದರೆ ನನ್ನ ಪಾಲಿಗೆ ಟೈಂಟೇಬಲ್ಲಿನಲ್ಲಿ ವಿನಾಕಾರಣ ಜಾಗ ಹಿಡಿದುಕೊಂಡ ಒಂದು ಪೀರಿಯಡ್. ಡಿಸೆಂಬರ್ ಬಂತೆಂದರೆ ಸ್ಟಾಫ್ ರೂಮಿನಲ್ಲಿ ನಾವು ನಾಲ್ಕೈದು ಜನ ಪಿ.ಟಿ. ಮೇಷ್ಟ್ರನ್ನು ಮುತ್ತಿಕೊಳ್ಳುತ್ತಿದ್ದೆವು. "ಸಾರ್, ಇವತ್ತು ಹತ್ತನೇ ಕ್ಲಾಸನ್ನು ನನಗೆ ಬಿಟ್ಟುಕೊಡಿ. ನನ್ನ ಸ್ವಾತಂತ್ರ್ಯ ಹೋರಾಟ ಇನ್ನೂ 1942ರಲ್ಲೇ ನಿಂತಿದೆ" ಎಂದು ನಾನು ಹೇಳಿದರೆ ಆ ಪುಣ್ಯಾತ್ಮರು "ತಗೊಳ್ಳಿ ಮೇಡಂ, ದೇಶಕ್ಕೆ ಸ್ವಾತಂತ್ರ್ಯ ಬರಲಿ" ಎಂದು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದರು. ಮಕ್ಕಳು ಮಾತ್ರ ಮುಖ ಸಣ್ಣದು ಮಾಡಿಕೊಂಡು ಮೈದಾನದಿಂದ ವಾಪಸು ಬರುತ್ತಿದ್ದರು.

ಅಂಥ ನಾನು ಫುಟ್ಬಾಲಿನ ಬಗ್ಗೆ ಬರೆಯಲು ಕೂತಿದ್ದೇನೆ ಎಂದರೆ ನಮ್ಮ ಮನೆಯವರೇ ನಗುತ್ತಿದ್ದಾರೆ. ನಗಲಿ. ಬಹಳ ದಿನದಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು, ಹೇಳಿಬಿಡುತ್ತೇನೆ.

2017ರ ಅಕ್ಟೋಬರ್ 9, ಸೋಮವಾರ. ದಸರಾ ರಜೆ. ರಜೆಯೆಂದರೆ ಟೀಚರುಗಳಿಗೆ ಏನೆಂದು ನಿಮಗೆ ಗೊತ್ತಲ್ಲ! ಮಧ್ಯಾವಧಿ ಪರೀಕ್ಷೆಯ ಉತ್ತರಪತ್ರಿಕೆಗಳ ಬಂಡಲ್ಲು ಊಟದ ಮೇಜಿನ ಮೇಲೆ ಕೂತಿತ್ತು. ಬೆಂಗಳೂರಿನಲ್ಲಿ ಓದುತ್ತಿದ್ದ ಮಗ ರಾತ್ರಿ ಎಂಟಕ್ಕೆ ಫೋನ್ ಮಾಡಿದ.

"ಅಮ್ಮಾ, ಟಿವಿ ಹಾಕು. ನಮ್ಮ ಹುಡುಗರು ವಿಶ್ವಕಪ್ ಫುಟ್ಬಾಲ್ ಆಡ್ತಿದಾರೆ. ಟೀಮಿನಲ್ಲಿ ಬೆಂಗಳೂರಿನ ಹುಡುಗನೂ ಒಬ್ಬ ಇದಾನೆ."

"ಫುಟ್ಬಾಲಿನಲ್ಲಿ ನಾವು ಯಾವಾಗಿಂದಲೋ ವಿಶ್ವಕಪ್ ಆಡೋದು?"

"ಮೊನ್ನೆ ಶುಕ್ರವಾರದಿಂದ!"

ಅವನು ತಮಾಷೆಗೆ ಹೇಳಿದ್ದಲ್ಲ. ಫಿಫಾ ನಡೆಸುವ 17 ವರ್ಷದೊಳಗಿನ ಹುಡುಗರ ವಿಶ್ವಕಪ್ ಆ ವರ್ಷ ಮೊದಲ ಸಲ ನಮ್ಮ ದೇಶದಲ್ಲಿ ನಡೆಯುತ್ತಿತ್ತು. 24 ದೇಶಗಳು, ಆರು ಊರುಗಳು. ಮನೆಯ ಯಜಮಾನರಾದ್ದರಿಂದ ನಮಗೆ ನೇರ ಪ್ರವೇಶ. ಅದಕ್ಕೆ ಮುಂಚೆ ಹಿರಿಯರಾಗಲಿ ಕಿರಿಯರಾಗಲಿ, ಭಾರತದ ಯಾವ ಫುಟ್ಬಾಲ್ ತಂಡವೂ ಫಿಫಾದ ವಿಶ್ವಕಪ್ಪಿನಲ್ಲಿ ಆಡಿರಲಿಲ್ಲ. ಶುಕ್ರವಾರ, 6ನೇ ತಾರೀಕು ದೆಹಲಿಯಲ್ಲಿ ಅಮೆರಿಕದ ಮೇಲೆ ಮೊದಲ ಆಟ ಆಡಿ 3-0ಯಿಂದ ಸೋತಿದ್ದೂ ಆಗಿತ್ತು. ಇವತ್ತು ಕೊಲಂಬಿಯಾದ ಜೊತೆ.

ನಮ್ಮ ಮನೆಯಲ್ಲಿ ಎಂಟು ಗಂಟೆಗೆ ಟಿವಿ ಅತ್ತೆಯವರದು. ಧಾರಾವಾಹಿಯ ಸೊಸೆಗೆ ಏನಾಯಿತೆಂದು ನೋಡದೆ ಅವರಿಗೆ ಊಟ ಸೇರುವುದಿಲ್ಲ. ಮೊಮ್ಮಗನ ಹೆಸರು ಹೇಳಿ ಹೇಗೋ ಒಪ್ಪಿಸಿದೆ. ಅವರು ಮುಖ ಊದಿಸಿಕೊಂಡೇ ಕೂತರು. ನಾನು ಕೆಂಪು ಪೆನ್ನು ಹಿಡಿದು ಒಂದು ಕಣ್ಣು ಪೇಪರಿನ ಮೇಲೆ, ಒಂದು ಕಣ್ಣು ಟಿವಿಯ ಮೇಲೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಅತ್ತೆಯವರ ಊದಿದ ಮುಖ ಇಳಿಯಿತು. "ಅಯ್ಯೋ, ಆ ಬಲೆಯ ಮುಂದೆ ನಿಂತಿರೋ ಮಗು ಎಷ್ಟು ಸಲ ಬೀಳುತ್ತೆ! ಯಾರಾದ್ರೂ ಹೋಗಿ ಎಬ್ಬಿಸಬಾರದೇ?" ಎಂದರು. ಆ ಮಗು ನಮ್ಮ ಗೋಲ್‌ಕೀಪರ್ ಧೀರಜ್ ಸಿಂಗ್. ಎದುರಿನವರು ಒದ್ದ ಚೆಂಡಿಗೆಲ್ಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾರಿ ಬೀಳುತ್ತಿದ್ದ, ತಾನೇ ಏಳುತ್ತಿದ್ದ. ಅರ್ಧ ಆಟ ಮುಗಿಯುವ ಹೊತ್ತಿಗೆ ಕೇರಳದ ಹುಡುಗ ರಾಹುಲ್ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹಿಂದೆ ಬಂತು. "ಛೆ!" ಎಂದವರು ಯಾರೆಂದು ನೋಡಿದರೆ ನಾನೇ.

ಎರಡನೆಯ ಅರ್ಧ ಶುರುವಾದ ಸ್ವಲ್ಪದರಲ್ಲೇ, 49ನೇ ನಿಮಿಷದಲ್ಲಿ ಕೊಲಂಬಿಯಾದ ಹುಡುಗ ಗೋಲು ಹೊಡೆದ. ಆಯಿತಲ್ಲ, ಇನ್ನೇನು ಎಂದು ನಾನು ಪೇಪರು ತಿದ್ದತೊಡಗಿದೆ. ಆದರೆ ಮೈದಾನದಲ್ಲಿದ್ದ ನಲವತ್ತು ಸಾವಿರಕ್ಕೂ ಮೀರಿದ ಜನ ಕೂಗುವುದನ್ನು ನಿಲ್ಲಿಸಲಿಲ್ಲ, ನಮ್ಮ ಹುಡುಗರು ಓಡುವುದನ್ನೂ ನಿಲ್ಲಿಸಲಿಲ್ಲ. 82ನೇ ನಿಮಿಷ. ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ ನಮಗೆ ಸಿಕ್ಕಿತು. ಒದೆಯಲು ಬಂದವನು ಬೆಂಗಳೂರಿನ ಸಂಜೀವ್ ಸ್ಟಾಲಿನ್. ಚೆಂಡು ಬಾಗಿ ಬಂತು. ಗುಂಪಿನ ನಡುವಿನಿಂದ ತೆಳ್ಳಗೆ ಎತ್ತರಕ್ಕಿದ್ದ ಒಬ್ಬ ಹುಡುಗ ಮೇಲೆ ನೆಗೆದು ತಲೆಯಿಂದ ಗುದ್ದಿದ. ಚೆಂಡು ಬಲೆಯೊಳಗೆ!

ಮಣಿಪುರದ ಜೀಕ್ಸನ್ ಸಿಂಗ್. ವಿಶ್ವಕಪ್ಪಿನಲ್ಲಿ ಭಾರತದ ಮೊಟ್ಟಮೊದಲ ಗೋಲು. ನಾನು ಎದ್ದು ನಿಂತಿದ್ದೆ. ಅತ್ತೆಯವರು ಏನೆಂದು ಪೂರ್ತಿ ತಿಳಿಯದಿದ್ದರೂ ಚಪ್ಪಾಳೆ ತಟ್ಟುತ್ತಿದ್ದರು. ಕೆಂಪು ಪೆನ್ನು ಯಾರದೋ ಪೇಪರಿನ ಮೇಲೆ ಅಡ್ಡಗೀರು ಎಳೆದುಬಿಟ್ಟಿತ್ತು. ಒಳಗಿದ್ದ ನಮ್ಮ ಮನೆಯವರು ಕಳ್ಳ ನುಗ್ಗಿದನೇನೋ ಎಂದು ಓಡಿ ಬಂದರು. ಅವರಿಗೆ ವಿವರಿಸಿ ಮತ್ತೆ ಟಿವಿಯ ಕಡೆ ತಿರುಗುವಷ್ಟರಲ್ಲಿ, 83ನೇ ನಿಮಿಷದಲ್ಲಿ, ಅದೇ ಕೊಲಂಬಿಯಾದ ಹುಡುಗ ಇನ್ನೊಂದು ಗೋಲು ಹೊಡೆದಾಗಿತ್ತು. ನಾವು ಸರಿಸಮ ನಿಂತಿದ್ದು ಹೆಚ್ಚೆಂದರೆ ಒಂದು ನಿಮಿಷ.

ಅದಾದ ಮೂರನೆಯ ದಿನ, 12ನೇ ತಾರೀಕು ಘಾನಾದ ಎದುರು 4-0ಯಿಂದ ಸೋತು ನಮ್ಮ ತಂಡ ಹೊರಬಿತ್ತು. ಪತ್ರಿಕೆಯಲ್ಲಿ ಗುಂಪಿನ ಪಟ್ಟಿ ಹಾಕಿದ್ದರು. ಘಾನಾ, ಕೊಲಂಬಿಯಾ, ಅಮೆರಿಕ, ಮೂವರಿಗೂ ತಲಾ 6 ಅಂಕ. ಕೊನೆಯಲ್ಲಿ ಭಾರತ: ಆಡಿದ್ದು 3, ಸೋತದ್ದು 3, ಹೊಡೆದ ಗೋಲು 1, ಹೊಡೆಸಿಕೊಂಡದ್ದು 9, ಅಂಕ 0. ಇಪ್ಪತ್ತು ವರ್ಷ ಪ್ರೋಗ್ರೆಸ್ ಕಾರ್ಡು ಬರೆದ ಕೈ ನನ್ನದು. ಇಂಥ ಕಾರ್ಡು ನನ್ನ ಮುಂದೆ ಬಂದಿದ್ದರೆ ಕೆಳಗೆ ಏನು ಬರೆಯುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು. 'ಪ್ರಗತಿ ತೃಪ್ತಿಕರವಾಗಿಲ್ಲ. ಪೋಷಕರು ಬಂದು ಕಾಣುವುದು.'

ಆದರೆ ಪೋಷಕರು ಯಾರು? ಕೊಲಂಬಿಯಾದ ಆಟ ಮುಗಿದ ರಾತ್ರಿ ಮಲಗುವ ಮುನ್ನ ಅತ್ತೆಯವರೂ ಇದನ್ನೇ ಕೇಳಿದ್ದರು. "ಆ ಹುಡುಗರ ತಾಯಂದಿರು ಯಾರೋ ಏನೋ. ನೋಡಿದರೋ ಇಲ್ವೋ." ಆ ವಾರವೆಲ್ಲ ಪತ್ರಿಕೆಗಳಲ್ಲಿ ಅದಕ್ಕೆ ಉತ್ತರ ಬರುತ್ತಲೇ ಇತ್ತು. ನಾನು ಕತ್ತರಿಸಿ ಇಟ್ಟುಕೊಂಡೆ.

ತಂಡದ ನಾಯಕ ಅಮರ್ಜಿತ್ ಸಿಂಗ್, ಗೋಲು ಹೊಡೆದ ಜೀಕ್ಸನ್, ಇಬ್ಬರೂ ಸಂಬಂಧಿಗಳು. ಮಣಿಪುರದ ಥೌಬಾಲ್ ಜಿಲ್ಲೆಯ ಒಂದೇ ಹಳ್ಳಿಯವರು. ಅಮರ್ಜಿತನ ತಾಯಿ ಸುಮಾರು 25 ಕಿಲೋಮೀಟರು ದೂರದ ಇಂಫಾಲಕ್ಕೆ ಹೋಗಿ ಮೀನು ಮಾರುವವರು. ಜೀಕ್ಸನ್ನನ ತಂದೆ ಪೊಲೀಸ್ ಇಲಾಖೆಯಲ್ಲಿದ್ದವರು, 2015ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಆಮೇಲೆ ತಾಯಿ ಇಂಫಾಲದ ಪೇಟೆಯಲ್ಲಿ ತರಕಾರಿ ಮಾರಿ ಮನೆ ನಡೆಸಿದರು. ಈ ಹುಡುಗನನ್ನು ಮೊದಲಿನ ಆಯ್ಕೆಯಲ್ಲಿ ತೆಗೆದುಕೊಂಡೇ ಇರಲಿಲ್ಲವಂತೆ. ಸಿಕ್ಕಿಮಿನ ಕೋಮಲ್ ಥಟಾಲನ ತಂದೆ ತಾಯಿ ಇಬ್ಬರೂ ದರ್ಜಿಗಳು. ಅವನು ಚಿಕ್ಕಂದಿನಲ್ಲಿ ಆಡಿದ್ದು ಬಟ್ಟೆ, ಪ್ಲಾಸ್ಟಿಕ್ ಸುತ್ತಿ ಮಾಡಿದ ಚೆಂಡಿನಲ್ಲಿ. ಇನ್ನು ನಮ್ಮ ಬೆಂಗಳೂರಿನ ಸಂಜೀವ್. ತಂದೆಗೆ ಸಂಪಾದನೆ ಇಲ್ಲದ ಕಾಲದಲ್ಲಿ ತನ್ನ ಶೂಗಳಿಗೆ ದುಡ್ಡು ಎಲ್ಲಿಂದ ಬರುತ್ತಿದೆಯೆಂದು ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ತಾಯಿ ಬೆಳಗಿನಿಂದ ರಾತ್ರಿಯವರೆಗೆ ಫುಟ್‌ಪಾತಿನಲ್ಲಿ ಬಟ್ಟೆ ಮಾರುತ್ತಿದ್ದಾರೆಂದು ಅವನಿಗೆ ತಿಳಿದದ್ದು ಆಮೇಲೆ.

ನಾನು ಲೆಕ್ಕ ಹಾಕಿದೆ. ಮೂಲೆಯಿಂದ ಚೆಂಡು ಒದ್ದವನು ಬಟ್ಟೆ ಮಾರುವವಳ ಮಗ. ತಲೆಯಿಂದ ಗುದ್ದಿದವನು ತರಕಾರಿ ಮಾರುವವಳ ಮಗ. ಓಡಿಬಂದು ತಬ್ಬಿಕೊಂಡ ನಾಯಕ ಮೀನು ಮಾರುವವಳ ಮಗ.

21 ಹುಡುಗರ ತಂಡದಲ್ಲಿ 8 ಮಂದಿ ಮಣಿಪುರದವರು. ಮಣಿಪುರವನ್ನು ನಾನು ಪ್ರತಿ ವರ್ಷ ಭೂಪಟದಲ್ಲಿ ತೋರಿಸುವವಳು. 'ಮಣಿಪುರದ ರಾಜಧಾನಿ ಯಾವುದು?' ಒಂದು ಅಂಕದ ಪ್ರಶ್ನೆ, ಇಂಫಾಲ ಎಂದು ಬರೆದರೆ ಮುಗಿಯಿತು. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಹುಡುಕಿ ಓದಿದೆ. ಇಂಫಾಲದ ನಡುಮಧ್ಯೆ ಒಂದು ದೊಡ್ಡ ಪೇಟೆ ಇದೆ, ಇಮಾ ಕೈಥೆಲ್. ಇಮಾ ಎಂದರೆ ಅಮ್ಮ, ಕೈಥೆಲ್ ಎಂದರೆ ಪೇಟೆ. ಅಮ್ಮಂದಿರ ಪೇಟೆ! ಅಲ್ಲಿ ಮಾರಲು ಕೂರುವವರೆಲ್ಲ ಹೆಂಗಸರೇ, ಸಾವಿರಾರು ಮಂದಿ. 1939ರಲ್ಲಿ ಜನ ಹಸಿದಿರುವಾಗ ಅಕ್ಕಿಯನ್ನು ಹೊರಗೆ ಸಾಗಿಸುವುದನ್ನು ತಡೆಯಲು ಬೀದಿಗಿಳಿದವರು ಇಂಥ ಹೆಂಗಸರೇ. ಅದನ್ನು ಅಲ್ಲಿ ನೂಪಿ ಲಾನ್, ಹೆಂಗಸರ ಯುದ್ಧ ಎನ್ನುತ್ತಾರೆ. ಪಿ.ಟಿ. ಪೀರಿಯಡ್ ಕಿತ್ತುಕೊಂಡು ಸ್ವಾತಂತ್ರ್ಯ ಹೋರಾಟ ಮುಗಿಸುತ್ತಿದ್ದ ನನ್ನ ಪಾಠದಲ್ಲಿ ಈ ಹೆಂಗಸರು ಒಂದು ಸಲವೂ ಬಂದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಒಳ್ಳೆಯ ಕಥೆಯಾಗಿ ಉಳಿಯುತ್ತಿತ್ತು. ಆದರೆ ಫುಟ್‌ಪಾತಿನಲ್ಲಿ ಬಟ್ಟೆ ಮಾರುವ ತಾಯಿಯ ವಿಷಯ ಓದಿದಾಗಿನಿಂದ ನನಗೆ ಬೇರೊಬ್ಬ ತಾಯಿಯ ಮುಖ ಕಣ್ಣಿಗೆ ಕಟ್ಟತೊಡಗಿತು. ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕ ಹೂವು ಮಾರುವಾಕೆ.

ನಮ್ಮದು ಕಾರ್ಖಾನೆಯ ಊರು. ಕಾಲೊನಿಯ ಹುಡುಗರಿಗೆ ಕ್ರಿಕೆಟ್ಟಿನಷ್ಟೇ ಫುಟ್ಬಾಲಿನ ಹುಚ್ಚೂ ಇದೆ. 2004ರಲ್ಲಿ ಆಕೆಯ ಮಗ ನನ್ನ ಕ್ಲಾಸಿನಲ್ಲಿ ಹತ್ತನೇ ತರಗತಿಯಲ್ಲಿದ್ದ. ಗಂಡ ಇಲ್ಲದ ಹೆಂಗಸು, ಒಬ್ಬನೇ ಮಗ. ಹುಡುಗ ಪಾಠದಲ್ಲಿ ಹಿಂದೆ, ಚೆಂಡು ಕಂಡರೆ ಮುಂದೆ. ವಲಯ, ತಾಲ್ಲೂಕು, ಜಿಲ್ಲೆ ದಾಟಿ ವಿಭಾಗ ಮಟ್ಟದ ಪಂದ್ಯಕ್ಕೆ ಆಯ್ಕೆಯಾದ. ನಾಲ್ಕು ದಿನ ಬೇರೆ ಊರಿಗೆ ಹೋಗಬೇಕು. ಪಿ.ಟಿ. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗಿದ್ದರು. ಕ್ಲಾಸ್ ಟೀಚರು ನಾನು. ಕಿರುಪರೀಕ್ಷೆಯಲ್ಲಿ ಅವನಿಗೆ ನನ್ನ ವಿಷಯದಲ್ಲಿ ಬಂದದ್ದು ಇಪ್ಪತ್ತೈದಕ್ಕೆ ಆರು. ತಾಯಿಯನ್ನು ಕರೆಸಿದೆ.

"ನೋಡಮ್ಮಾ, ಆಟ ಹೊಟ್ಟೆಗೆ ಹಾಕೋದಿಲ್ಲ. ಎಸ್‌.ಎಸ್‌.ಎಲ್‌.ಸಿ. ಪಾಸಾದರೆ ಎಲ್ಲಾದರೂ ಒಂದು ಕೆಲಸ ಸಿಗುತ್ತೆ. ನೀನು ಬಿಸಿಲಲ್ಲಿ ಕೂತು ಹೂವು ಕಟ್ಟೋದು ಇವನು ಚೆಂಡು ಒದೀಲಿ ಅಂತಾನಾ?" ಎಂದೆ.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. "ನೀವು ಓದಿದೋರು. ನೀವು ಹೇಳಿದ ಮೇಲೆ ಆಯ್ತು ಟೀಚರಮ್ಮಾ" ಎಂದು ಹೋದಳು. ಹುಡುಗ ಪಂದ್ಯಕ್ಕೆ ಹೋಗಲಿಲ್ಲ. ಪರೀಕ್ಷೆಯಲ್ಲಿ ಪಾಸಾದ, ಅಂಚಿನಲ್ಲಿ. ಒಂದು ಮಗುವನ್ನು ದಡ ಸೇರಿಸಿದೆನೆಂದು ನಾನು ಆ ವರ್ಷ ಹೆಮ್ಮೆಪಟ್ಟೆ.

2017ರ ದಸರಾ ರಜೆ ಮುಗಿಯುವುದರೊಳಗೆ ಒಂದು ಸಂಜೆ ಬಸ್‌ಸ್ಟ್ಯಾಂಡಿಗೆ ಹೋದೆ. ಎರಡು ಮೊಳ ಕಾಕಡ ಕೊಡು ಎಂದೆ. ಆಕೆ ಮೊಣಕೈಗೆ ಹಿಡಿದು ಅಳೆಯುತ್ತಿರುವಾಗ ಮಗನ ಸಮಾಚಾರ ವಿಚಾರಿಸಿದೆ.

"ಚೆನ್ನಾಗಿದಾನೆ ಟೀಚರಮ್ಮಾ. ಗೂಡ್ಸ್ ಆಟೋ ಇಟ್ಕೊಂಡಿದಾನೆ. ಮದುವೆ ಆಯ್ತು, ಒಂದು ಹೆಣ್ಣುಮಗು."

"ಈಗಲೂ ಫುಟ್ಬಾಲ್ ಆಡ್ತಾನಾ?"

ಆಕೆ ನಕ್ಕಳು. "ಎಲ್ಲಿ ಆಡ್ತಾನೆ ಬಿಡಿ. ಅವತ್ತೇ ಬಿಟ್ಟನಲ್ಲ." ಹೂವನ್ನು ಎಲೆಗೆ ಸುತ್ತುತ್ತ ಸುತ್ತುತ್ತ ಹೇಳಿದಳು. "ನಿಮಗೆ ಗೊತ್ತಿಲ್ಲ ಅನ್ಸುತ್ತೆ. ಅವನು ಊರಿಗೆ ಆಡಾಕೆ ಹೋಗ್ತಾನೆ ಅಂತ ನಾನು ಶೂ ತಂದಿಟ್ಟಿದ್ದೆ. ಚೀಟಿ ದುಡ್ಡಲ್ಲಿ. ಹೋಗೋ ದಿನ ಕೊಡಾನ ಅಂತ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ನೀವು ಬ್ಯಾಡ ಅಂದ್ರಲ್ಲ, ಮಾರನೇ ದಿನ ಅಂಗಡಿಗೆ ವಾಪಸ್ ಕೊಟ್ಟು ಬಂದೆ. ಇಪ್ಪತ್ತು ರೂಪಾಯಿ ಹಿಡ್ಕೊಂಡು ಮಿಕ್ಕಿದ್ದು ಕೊಟ್ಟ, ಪುಣ್ಯಾತ್ಮ."

"ಮಗನಿಗೆ ಗೊತ್ತಾ?"

"ಹೇಳಲಿಲ್ಲ. ಹೇಳಿ ಏನು ಮಾಡೋದು?" ಎಂದವಳು ಒಂದು ಗೇಣು ಹೂವು ಕೊಸರು ಹಾಕಿ ಕೈಗಿಟ್ಟಳು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಹೂವನ್ನು ಮುಡಿಯಲು ಮನಸ್ಸು ಬರಲಿಲ್ಲ. ದೇವರ ಪಟಕ್ಕೆ ಹಾಕಿ ಕೈಮುಗಿದೆ.

ನೀವು ಕೇಳಬಹುದು, ಆ ಹುಡುಗ ಹೋಗಿದ್ದರೆ ದೊಡ್ಡ ಆಟಗಾರನಾಗಿಬಿಡುತ್ತಿದ್ದನೇ ಎಂದು. ಇಲ್ಲದಿರಬಹುದು. ಮೊದಲ ಪಂದ್ಯದಲ್ಲೇ ಸೋತು ಮಾರನೆಯ ದಿನ ಬಸ್ಸು ಹತ್ತಿ ಬರುತ್ತಿದ್ದನೋ ಏನೋ. ನಾನು ಹೇಳಿದ್ದೂ ಪೂರ್ತಿ ಸುಳ್ಳಲ್ಲ, ಆಟ ಎಲ್ಲರ ಹೊಟ್ಟೆಗೂ ಹಾಕುವುದಿಲ್ಲ. ಆದರೂ ಆ ನಾಲ್ಕು ದಿನ ಅವನವು. ಸೋಲುವುದಿದ್ದರೆ ಆ ಸೋಲೂ ಅವನದು. ಹೊಸ ಶೂ ಹಾಕಿಕೊಂಡು ಸೋತು ಬಂದು ತಾಯಿಯ ಪಕ್ಕ ಕೂತು ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು. ದೆಹಲಿಯಲ್ಲಿ ಮೂರಕ್ಕೆ ಮೂರೂ ಸೋತ ಹುಡುಗರಿಗೆ ಆ ಕಥೆ ಇದೆ. ಅವರ ತಾಯಂದಿರಿಗೆ ಯಾವ ಟೀಚರೂ ಶೂ ವಾಪಸು ಕೊಡಿಸಲಿಲ್ಲ, ಅಥವಾ ಕೊಡು ಎಂದರೂ ಅವರು ಕೇಳಲಿಲ್ಲ.

ಆ ತಂಡದ ಕೆಲವು ಹುಡುಗರು ಮುಂದೆ ಬೆಳೆದರು. ಜೀಕ್ಸನ್ 2021ರಲ್ಲಿ ಹಿರಿಯರ ರಾಷ್ಟ್ರೀಯ ತಂಡ ಸೇರಿದ. ಅದೇ ತಂಡದಲ್ಲಿದ್ದ ಮಣಿಪುರದ ಸುರೇಶ್ ವಾಂಗ್ಜಮ್ 2019ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ. ಎಲ್ಲರೂ ಅಷ್ಟು ಬೆಳಗಲಿಲ್ಲ. ಯಾವ ಕ್ಲಾಸಿನಲ್ಲಿ ತಾನೇ ಎಲ್ಲರೂ ರ‍್ಯಾಂಕ್ ಬರುತ್ತಾರೆ?

ಐದು ವರ್ಷದ ಮೇಲೆ, 2022ರ ಅಕ್ಟೋಬರಿನಲ್ಲಿ ಹುಡುಗಿಯರ ಸರದಿ ಬಂತು. 17 ವರ್ಷದೊಳಗಿನ ಹೆಣ್ಣುಮಕ್ಕಳ ವಿಶ್ವಕಪ್, ಮತ್ತೆ ನಮ್ಮ ದೇಶದಲ್ಲೇ. ಭುವನೇಶ್ವರದಲ್ಲಿ ಆಡಿದ ನಮ್ಮ ಹುಡುಗಿಯರು ಅಮೆರಿಕದ ಮೇಲೆ 8-0, ಮೊರಾಕೊ ಮೇಲೆ 3-0, ಬ್ರೆಜಿಲ್ ಮೇಲೆ 5-0 ಸೋತರು. ಈ ಸಲ ಒಂದು ಗೋಲೂ ಇಲ್ಲ. ನಾಯಕಿ ಅಸ್ತಮ್ ಒರಾಂವ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿಯ ಹುಡುಗಿ. ಅವಳ ಹೆಸರಿನಲ್ಲಿ ಅವಳ ಮನೆಯವರೆಗೆ ಸರಕಾರ ರಸ್ತೆ ಮಾಡಿಸತೊಡಗಿತು. ಅದೇ ರಸ್ತೆಯ ಕೆಲಸದಲ್ಲಿ ಅವಳ ತಂದೆ ತಾಯಿ ದಿನಕ್ಕೆ 250 ರೂಪಾಯಿಗೆ ಕೂಲಿ ಮಾಡುತ್ತಿದ್ದರು. ಮಗಳ ಹೆಸರಿನ ರಸ್ತೆಗೆ ಮಣ್ಣು ಹೊತ್ತ ತಾಯಿಯ ಆ ದಿನದ ಮನಸ್ಸು ಹೇಗಿದ್ದೀತು!

ಅಮೆರಿಕದ ಆಟದ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ಪತ್ರಿಕೆ ಮಡಚುತ್ತ, "ಎಂಟು ಗೋಲು! ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಬೇಕಿತ್ತು ಮೇಡಂ?" ಎಂದರು. ನಾನು ತಕ್ಷಣ, "ಎಂಟು ಸಲವೂ ಚೆಂಡನ್ನು ಮತ್ತೆ ನಡುವೆ ಇಟ್ಟು ಆಟ ಶುರು ಮಾಡಿದರಲ್ಲ ಸಾರ್, ಅದಕ್ಕೆ" ಎಂದೆ. ಅವರು ಸುಮ್ಮನಾದರು. ನನ್ನ ಅಜ್ಜಿ ಇದ್ದಿದ್ದರೆ ಅವರಿಗೂ ಇದನ್ನೇ ಹೇಳುತ್ತಿದ್ದೆನೋ ಏನೋ.

2017ರಿಂದೀಚೆಗೆ ನಾನು ಯಾರ ಪಿ.ಟಿ. ಪೀರಿಯಡ್ಡನ್ನೂ ಕೇಳಿಲ್ಲ. ಪೋರ್ಷನ್ ಹಿಂದುಳಿದರೆ ಬೆಳಿಗ್ಗೆ ಅರ್ಧ ಗಂಟೆ ಮೊದಲು ಬಂದು ಮುಗಿಸುತ್ತೇನೆ. ಮೊದಲ ವರ್ಷ ಡಿಸೆಂಬರ್ ಬಂದಾಗ ನಮ್ಮ ಪಿ.ಟಿ. ಮೇಷ್ಟ್ರಿಗೆ ಗಾಬರಿಯಾಗಿತ್ತು. ಮೇಜಿನ ಹತ್ತಿರ ಬಂದು ಮೆಲ್ಲಗೆ ವಿಚಾರಿಸಿದರು.

"ಮೇಡಂ, ಈ ವಾರ ಹತ್ತನೇ ಕ್ಲಾಸ್ ಬೇಡ್ವಾ?"

"ಬೇಡ ಸಾರ್."

"ಸ್ವಾತಂತ್ರ್ಯ ಬಂತಾ?"

"ಇನ್ನೂ ಇಲ್ಲ. ನಿಧಾನಕ್ಕೆ ಬರಲಿ" ಎಂದೆ. "ಅಂದ ಹಾಗೆ, ಆ ಬೀರುವಿನಲ್ಲಿ ಬೀಗ ಹಾಕಿಟ್ಟಿರೋ ಚೆಂಡಿಗೆ ಗಾಳಿ ಇದೆಯಾ? ಹುಡುಗಿಯರೂ ಕೇಳ್ತಿದಾರೆ."

ಅವರು ನನ್ನನ್ನು ಒಂದು ಗಳಿಗೆ ನೋಡಿ, ಏನೂ ಮಾತಾಡದೆ, ಗಾಳಿ ಹೊಡೆಯುವ ಪಂಪು ಹುಡುಕಲು ಹೋದರು.